ಹೊರರಾಜ್ಯದ ವಕಾಲತ್ತು ಬಿಟ್ಟು ಊರಿನ ಕೋರ್ಟಿಗೆ ಬರುವವರಿಗೆ

ಮುಂಬೈಯಲ್ಲೋ ದೆಹಲಿಯಲ್ಲೋ ಸನ್ನದು (ವಕೀಲಿ ಮಾಡುವ ಪರವಾನಗಿ) ಪಡೆದು, ಐದಾರು ವರ್ಷ ಅಲ್ಲೇ ಕರಿಕೋಟು ಸವೆಸಿ, ಈಗ ಬೆಂಗಳೂರಿಗೋ ಧಾರವಾಡಕ್ಕೋ ತಾಲ್ಲೂಕು ಊರಿಗೋ ಮರಳಲು ಹೊರಟ ವಕೀಲರು ಮೊದಲು ಕೇಳುವುದು ಒಂದೇ: ಸನ್ನದು ವರ್ಗಾವಣೆಗೆ ಎಷ್ಟು ದಿನ ಹಿಡಿಯುತ್ತದೆ? ಅದಕ್ಕೆ ಅಷ್ಟು ಅವಸರ ಬೇಕಾಗಿಲ್ಲ. ವಕೀಲರ ಕಾಯ್ದೆ 1961ರ 30ನೇ ಸೆಕ್ಷನ್ 2011ರ ಜೂನ್ 15ರಿಂದ ಜಾರಿಯಲ್ಲಿದೆ. ಯಾವುದೇ ರಾಜ್ಯದ ವಕೀಲರ ಪಟ್ಟಿಯಲ್ಲಿ ಹೆಸರಿರುವ ವಕೀಲ ದೇಶದ ಯಾವ ಕೋರ್ಟಿನಲ್ಲೂ ವಕೀಲಿ ಮಾಡಬಹುದು. ಮಹಾರಾಷ್ಟ್ರದ ಸನ್ನದು ನಂಬರ್ ಇಟ್ಟುಕೊಂಡೇ ನಾಳೆ ಹಾವೇರಿಯಲ್ಲಿ ದಾವೆ ಹೂಡಿದರೆ ತಡೆಯುವವರಿಲ್ಲ. (ಎಲ್ಲ ಕಡೆ ಇಷ್ಟು ಸಲೀಸಲ್ಲ. ಅಲಹಾಬಾದ್ ಹೈಕೋರ್ಟಿನ ನಿಯಮದ ಪ್ರಕಾರ ಹೊರರಾಜ್ಯದ ವಕೀಲರು ಅಲ್ಲಿನ ಪಟ್ಟಿಯ ವಕೀಲರೊಬ್ಬರನ್ನು ಜೊತೆಗಿಟ್ಟುಕೊಳ್ಳಬೇಕು. 2016ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ.)

ಅವಸರ ಬೇಕಾದ ಕೆಲಸ ಎರಡು. ಅಲ್ಲಿನ ಕಡತಗಳನ್ನು ಚೊಕ್ಕವಾಗಿ ಒಪ್ಪಿಸಿ ಬರುವುದು ಒಂದು, ಇಲ್ಲಿನ ಕಂದಾಯ ದಾಖಲೆಯನ್ನೂ ಸಾಕ್ಷಿ ಹೇಳಿಕೆಯ ಕನ್ನಡವನ್ನೂ ಕಲಿಯುವುದು ಇನ್ನೊಂದು. ಬಂದವರು ಎಡವುವುದು ಇವೆರಡರಲ್ಲೇ.

ಬಿಡುವ ಮುಂಚಿನ ಮೂರು ತಿಂಗಳು

ಒಂದು ರಿಜಿಸ್ಟರ್ ತೆರೆಯಿರಿ. ಎಕ್ಸೆಲ್ ಆದರೂ ಸರಿ, ಉದ್ದನೆ ಬುಕ್ ಆದರೂ ಸರಿ. ಪ್ರತಿ ಕೇಸಿಗೂ ಆರು ಕಲಮು ಇರಲಿ: ಕೇಸ್ ನಂಬರ್ ಜೊತೆಗೆ ಇ-ಕೋರ್ಟ್ಸ್ ಕೊಡುವ 16 ಅಕ್ಷರದ ಗುರುತು, ಅಂದರೆ ಸಿಎನ್‌ಆರ್, ಹಂತ, ಮುಂದಿನ ತಾರೀಖು, ಮೂಲ ದಾಖಲೆ ಯಾರ ಬಳಿ ಇದೆ, ಫೀಸಿನ ಲೆಕ್ಕ, ಮುಂದೆ ಮುಗಿಯಲಿರುವ ಗಡುವು. ಎಲ್ಲರೂ ಮರೆಯುವುದು ಕೊನೆಯದನ್ನು. ತಾರೀಖು ಮುಂದಿನ ತಿಂಗಳಿಗಿದೆ ಎಂದು ಕಡತ ಒಪ್ಪಿಸಿಬಿಡುತ್ತಾರೆ, ಆದರೆ ಲಿಖಿತ ಹೇಳಿಕೆ (ದಾವೆಗೆ ಪ್ರತಿವಾದಿಯ ಉತ್ತರ) ಸಲ್ಲಿಸುವ ಗಡುವು ನಡುವೆಯೇ ಮುಗಿದುಹೋಗುತ್ತದೆ. ಮಾಮೂಲಿ ದಾವೆಯಲ್ಲಿ 30 ದಿನ, ಕೋರ್ಟ್ ಒಪ್ಪಿದರೆ 90. ಅದು ದಾಟಿದರೂ ಕಾರಣ ಕೊಟ್ಟು ಬೇಡಿಕೊಳ್ಳಲು ಜಾಗವಿದೆ. ವಾಣಿಜ್ಯ ದಾವೆಯಲ್ಲಿ ಹಾಗಿಲ್ಲ: ಸಮನ್ಸ್ ಜಾರಿಯಾದ 120 ದಿನಕ್ಕೆ ಬಾಗಿಲು ಮುಚ್ಚುತ್ತದೆ, ಆಮೇಲೆ ಯಾವ ಅರ್ಜಿಗೂ ತೆರೆಯುವುದಿಲ್ಲ. ಅಂಥ ಕಡತಗಳಿಗೆ ಕೆಂಪು ಗುರುತು ಹಾಕಿ. ಹೇಳಿಕೆ ಸಲ್ಲಿಸಿದ ಮೇಲಷ್ಟೇ ಒಪ್ಪಿಸಿ.

ವಕಾಲತ್ತು, ಅಂದರೆ ನಿಮ್ಮನ್ನು ವಕೀಲರೆಂದು ನೇಮಿಸಿ ಕಕ್ಷಿದಾರ ಸಹಿ ಮಾಡಿದ ಪತ್ರ, ತಾನಾಗಿ ಸತ್ತುಹೋಗುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 3, ನಿಯಮ 4ರಂತೆ ಕಕ್ಷಿದಾರನೋ ವಕೀಲನೋ ಸಹಿ ಮಾಡಿದ ಬರಹ ಸಲ್ಲಿಸಿ, ಕೋರ್ಟಿನ ಅನುಮತಿ ಪಡೆಯುವವರೆಗೂ ಅದು ಜೀವಂತ. ನೀವು ಊರಿಗೆ ಬಂದು ಆರು ತಿಂಗಳಾದ ಮೇಲೂ ಅಲ್ಲಿನ ಆರ್ಡರ್ ಶೀಟಿನಲ್ಲಿ ವಾದಿ ಪರ ವಕೀಲರು ಗೈರು ಎಂದು ನಿಮ್ಮ ಹೆಸರಿನ ಎದುರೇ ಬರೆಯುತ್ತಾರೆ. ದಾವೆ ವಜಾ ಆದರೆ ಶಿಸ್ತು ಸಮಿತಿಗೆ ಹೋಗುವ ದೂರಿನಲ್ಲೂ ನಿಮ್ಮದೇ ಹೆಸರು.

ಹೊಸ ವಕೀಲರು ಯಾರೆಂದು ಗೊತ್ತಾಗಿದ್ದರೆ ದಾರಿ ಸುಲಭ. ಅವರ ವಕಾಲತ್ತಿನ ಮೇಲೆಯೇ ‘ಆಕ್ಷೇಪಣೆ ಇಲ್ಲ’ ಎಂದು ಬರೆದು, ತಾರೀಖು ಹಾಕಿ ಸಹಿ ಮಾಡಿಕೊಡಿ. ಭಾರತೀಯ ವಕೀಲರ ಪರಿಷತ್ತಿನ ನಿಯಮ 39ರ ಪ್ರಕಾರ ಮೊದಲ ವಕೀಲರ ಒಪ್ಪಿಗೆಯೋ ಕೋರ್ಟಿನ ಅನುಮತಿಯೋ ಇಲ್ಲದೆ ಇನ್ನೊಬ್ಬರು ಹಾಜರಾಗುವಂತಿಲ್ಲ. ಕಕ್ಷಿದಾರ ಯಾರನ್ನೂ ಹುಡುಕಿಕೊಂಡಿಲ್ಲದಿದ್ದರೆ ನೋಂದಾಯಿತ ಅಂಚೆಯಲ್ಲಿ ನೋಟಿಸು ಕಳಿಸಿ, ಮುಂದಿನ ತಾರೀಖನ್ನು ಅದರಲ್ಲೇ ದಪ್ಪಕ್ಷರದಲ್ಲಿ ನಮೂದಿಸಿ. ಸ್ವೀಕೃತಿ ಬಂದ ಮೇಲೆ ನಿವೃತ್ತಿ ಮೆಮೊ (ಈ ಕೇಸಿನಿಂದ ಹಿಂದೆ ಸರಿಯುತ್ತೇನೆ ಎಂಬ ಬರಹ) ಹಾಕಿ. ಸ್ವೀಕೃತಿ ಇಲ್ಲದ ಮೆಮೊಗೆ ಕೋರ್ಟು ಸುಲಭಕ್ಕೆ ಒಪ್ಪುವುದಿಲ್ಲ, ಒಪ್ಪಲೂಬಾರದು.

ಫೀಸು ಬಾಕಿ ಇದೆ ಎಂದು ಕಡತ ಹಿಡಿದಿಟ್ಟುಕೊಳ್ಳುವ ಚಟ ನಮ್ಮ ವೃತ್ತಿಯಲ್ಲಿ ಹಳೆಯದು. 2000ದಲ್ಲಿ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ದುರ್ನಡತೆ ಎಂದೇ ಕರೆದಿದೆ. ಬಾಕಿಗೆ ಬೇರೆ ದಾವೆ ಹೂಡಬಹುದು, ಕಡತವನ್ನು ಮಾತ್ರ ಕೊಟ್ಟುಬಿಡಿ. ಕೊಡುವಾಗ ಪುಟ ಎಣಿಸಿ, ಮೂಲ ಕ್ರಯಪತ್ರ, ವಿಲ್, ಚೆಕ್ಕುಗಳನ್ನು ಒಂದೊಂದಾಗಿ ಪಟ್ಟಿ ಮಾಡಿ ಸಹಿ ಪಡೆಯಿರಿ. ‘ಎಲ್ಲ ಕಾಗದ ತಲುಪಿದೆ’ ಎನ್ನುವ ಒಂದು ಸಾಲಿನ ಸ್ವೀಕೃತಿ ನಾಲ್ಕು ವರ್ಷದ ನಂತರ ಯಾವ ಕೆಲಸಕ್ಕೂ ಬರುವುದಿಲ್ಲ.

ಫರ್ಮಿನಲ್ಲಿದ್ದವರಿಗೆ ಒಂದು ಮಾತು. ಕಕ್ಷಿದಾರರ ಡ್ರಾಫ್ಟು, ಅಭಿಪ್ರಾಯ ಪತ್ರಗಳನ್ನು ಪೆನ್‌ಡ್ರೈವಿಗೆ ತುಂಬಿಕೊಂಡು ಬರಬೇಡಿ. ಗೋಪ್ಯತೆಯ ಬಾಧ್ಯತೆ ಕೆಲಸ ಬಿಟ್ಟ ಮೇಲೂ ಮುಗಿಯುವುದಿಲ್ಲ.

ಬಿಡುವ ಮುಂಚೆ ಇನ್ನೊಂದು ಕಾಗದ ಕೈಯಲ್ಲಿರಲಿ: ವೃತ್ತಿ ಅನುಭವದ ಪ್ರಮಾಣಪತ್ರ. ಸುಪ್ರೀಂ ಕೋರ್ಟಿನ 2025ರ ಮೇ 20ರ ತೀರ್ಪಿನಿಂದ ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷದ ವಕಾಲತ್ತು ಮತ್ತೆ ಕಡ್ಡಾಯವಾಗಿದೆ. ಹತ್ತು ವರ್ಷ ಮೇಲ್ಪಟ್ಟ ವಕೀಲರೊಬ್ಬರು ಪ್ರಮಾಣಪತ್ರ ಕೊಡಬೇಕು, ಅಲ್ಲಿನ ಪ್ರಧಾನ ನ್ಯಾಯಾಂಗ ಅಧಿಕಾರಿ ಅದಕ್ಕೆ ಮೇಲುಸಹಿ ಹಾಕಬೇಕು. ಪರೀಕ್ಷೆ ಬರೆಯುವ ಯೋಚನೆ ಇವತ್ತು ಇಲ್ಲದಿದ್ದರೂ ತೆಗೆದಿಟ್ಟುಕೊಳ್ಳಿ. ಎರಡು ವರ್ಷ ಬಿಟ್ಟು ದೆಹಲಿಯ ಸಾಕೇತ್ ಕೋರ್ಟಿಗೋ ಮುಂಬೈಯ ಫೋರ್ಟಿಗೋ ಹೋಗಿ ಈ ಸಹಿ ಕೇಳುವುದು ದೊಡ್ಡ ಪಾಡು.

ಸನ್ನದಿನ ವರ್ಗಾವಣೆ

ಕಾಯ್ದೆಯ 18ನೇ ಸೆಕ್ಷನ್ ಹೇಳುವುದು ಇಷ್ಟು: ಅರ್ಜಿ ಭಾರತೀಯ ವಕೀಲರ ಪರಿಷತ್ತಿಗೆ, ಅದು ನಿರ್ದೇಶನ ಕೊಟ್ಟರೆ ಒಂದು ರಾಜ್ಯದ ಪಟ್ಟಿಯಿಂದ ಹೆಸರು ತೆಗೆದು ಇನ್ನೊಂದಕ್ಕೆ ಸೇರಿಸಬೇಕು, ಜ್ಯೇಷ್ಠತೆ ಮೊದಲಿದ್ದಂತೆಯೇ ಉಳಿಯುತ್ತದೆ. ‘ಯಾವ ಶುಲ್ಕವೂ ಇಲ್ಲದೆ’ ಎಂಬ ಮಾತೂ ಅದೇ ಸೆಕ್ಷನ್ನಿನಲ್ಲಿದೆ. ಆದರೂ ಎನ್‌ಒಸಿ, ಪರಿಶೀಲನೆ ಎಂಬ ಹೆಸರಿನಲ್ಲಿ ಹಣ ಕೇಳುವುದುಂಟು. ಕಟ್ಟಲೇಬೇಕಾಗಿ ಬಂದರೆ ಯಾವ ಬಾಬ್ತು ಎಂದು ಬರೆದ ರಸೀದಿ ಕೇಳಿ ಪಡೆಯಿರಿ.

ಹೊಸದಾಗಿ ಕರ್ನಾಟಕದಲ್ಲೇ ಇನ್ನೊಂದು ಸನ್ನದು ಪಡೆದುಬಿಟ್ಟರೆ ಸುಲಭವಲ್ಲವೇ ಎಂದು ಕೆಲವರು ಕೇಳುತ್ತಾರೆ. ಖಂಡಿತ ಬೇಡ. ಒಬ್ಬರ ಹೆಸರು ಎರಡು ರಾಜ್ಯದ ಪಟ್ಟಿಯಲ್ಲಿ ಇರಕೂಡದು ಎಂದು 17(4) ನೇರವಾಗಿ ಹೇಳುತ್ತದೆ. ಜ್ಯೇಷ್ಠತೆಯೂ ಹೋಗುತ್ತದೆ, ದೂರೂ ಬರುತ್ತದೆ.

ಮೊದಲ ಹೆಜ್ಜೆ ನಿಮ್ಮ ಈಗಿನ ಪರಿಷತ್ತಿನಲ್ಲಿ. ಹೆಸರು ಪಟ್ಟಿಯಲ್ಲಿದೆ, ಶಿಸ್ತು ಪ್ರಕರಣ ಬಾಕಿ ಇಲ್ಲ, ಪರಿಷತ್ತಿಗೆ ಕೊಡಬೇಕಾದ್ದು ಏನೂ ಇಲ್ಲ ಎಂಬ ಪ್ರಮಾಣಪತ್ರ ಅಲ್ಲಿಂದ ಬೇಕು. ಮೂಲ ಸನ್ನದು, ಗುರುತಿನ ಚೀಟಿ, ಅಖಿಲ ಭಾರತ ವಕೀಲರ ಪರೀಕ್ಷೆ ಪಾಸಾದ ಮೇಲೆ ಬಂದ ವೃತ್ತಿ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿಯಿಂದ ಕಾನೂನು ಪದವಿಯವರೆಗಿನ ಅಂಕಪಟ್ಟಿ, ಕರ್ನಾಟಕದ ವಿಳಾಸದ ದಾಖಲೆ, ವರ್ಗಾವಣೆಯ ಕಾರಣ ಹೇಳುವ ಅಫಿಡವಿಟ್, ಇವೆಲ್ಲದರ ಮೂರು ಸೆಟ್ ಮಾಡಿಟ್ಟುಕೊಳ್ಳಿ. ಶಿಸ್ತು ಪ್ರಕರಣ ಬಾಕಿ ಇದ್ದರೆ ಅರ್ಜಿ ತಿರಸ್ಕಾರವಾಗಬಹುದು. ಮೊದಲು ಅದನ್ನು ಮುಗಿಸಿಕೊಳ್ಳಿ.

ಕಡತ ತಿಂಗಳುಗಟ್ಟಲೆ ನಿಲ್ಲುವುದಕ್ಕೆ ಸಾಮಾನ್ಯ ಕಾರಣ ಶಿಸ್ತು ಪ್ರಕರಣವಲ್ಲ, ಹೆಸರು. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಎಚ್.’ ಎಂದಿರುತ್ತದೆ. ಮುಂಬೈಯಲ್ಲಿ ಸನ್ನದು ಮಾಡಿಸುವಾಗ ಅಲ್ಲಿನ ರೂಢಿಯಂತೆ ತನ್ನ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಮೂರನ್ನೂ ಬರೆಸಿರುತ್ತಾರೆ. ಆಧಾರಿನಲ್ಲಿ ಮೂರನೆಯ ರೂಪ. ಇಂಗ್ಲಿಷಿನಲ್ಲಿ ಒಂದು ಕಡೆ ಕೊನೆಗೆ ‘ಎ’ ಇದೆ, ಇನ್ನೊಂದು ಕಡೆ ಇಲ್ಲ. ಇನಿಷಿಯಲ್ ಬಿಡಿಸಿದ ಹೆಸರೂ ಬಿಡಿಸದ ಹೆಸರೂ ಒಬ್ಬರದ್ದೇ ಎಂದು ನಮಗೆ ಗೊತ್ತು, ದೆಹಲಿಯಲ್ಲಿ ಕಡತ ನೋಡುವ ಗುಮಾಸ್ತರಿಗೆ ಗೊತ್ತಿಲ್ಲ. ಆದ್ದರಿಂದ ಎಲ್ಲ ರೂಪಗಳನ್ನೂ ಅಕ್ಷರಶಃ ನಮೂದಿಸಿ, ಎಲ್ಲವೂ ಒಬ್ಬನೇ ವ್ಯಕ್ತಿಯದು ಎಂಬ ಅಫಿಡವಿಟ್ ಮಾಡಿಸಿ ಅರ್ಜಿಯ ಜೊತೆಗೇ ಇಡಿ. ಸನ್ನದಿನಲ್ಲೇ ತಪ್ಪಿದ್ದರೆ ಹಳೆಯ ಪರಿಷತ್ತಿನಲ್ಲೇ ತಿದ್ದಿಸಿ. ಅಲ್ಲಿನ ಪಟ್ಟಿಯಿಂದ ಹೆಸರು ಹೋದ ಮೇಲೆ ತಿದ್ದುವವರು ಯಾರೂ ಇರುವುದಿಲ್ಲ.

ವರ್ಗಾವಣೆ ಮುಗಿಯುವವರೆಗೆ ಹಳೆಯ ನಂಬರನ್ನೇ ವಕಾಲತ್ತಿನಲ್ಲಿ ಬರೆಯಿರಿ. ಕರ್ನಾಟಕದ ನಂಬರ್ ಬಂದ ದಿನದಿಂದ ಹಳೆಯದು ಬೇಡ. ಇ-ಕೋರ್ಟ್ಸ್ ತಂತ್ರಾಂಶದಲ್ಲಿ ವಕೀಲರ ಹೆಸರು ನಂಬರಿನ ಜೊತೆ ಕೂತಿರುತ್ತದೆ. ಹೊಸ ನಂಬರನ್ನು ಫೈಲಿಂಗ್ ಕೌಂಟರಿನಲ್ಲಿ ದಾಖಲಿಸದಿದ್ದರೆ ನಿಮ್ಮ ಕೇಸು ನಿಮ್ಮ ಹೆಸರಿನಡಿ ಕಾಣುವುದಿಲ್ಲ, ಎಸ್‌ಎಂಎಸ್ಸೂ ಬರುವುದಿಲ್ಲ. ತಾರೀಖು ತಪ್ಪುವುದು ಹೀಗೆ.

ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನ ಕಚೇರಿ ಬೆಂಗಳೂರಿನ ಡಾ. ಅಂಬೇಡ್ಕರ್ ವೀದಿಯ ಹಳೇ ಕೆಜಿಐಡಿ ಕಟ್ಟಡದಲ್ಲಿದೆ. ಹೆಸರು ಪಟ್ಟಿಗೆ ಸೇರಿದ ಮೇಲೆ ವಕೀಲರ ಕಲ್ಯಾಣ ನಿಧಿಗೆ ಬೇರೆಯೇ ಅರ್ಜಿ ಹಾಕಬೇಕು. 1983ರ ಕಾಯ್ದೆಯ ನಿಧಿ ಇದು, ಸದಸ್ಯತ್ವ ತಾನಾಗಿ ಬರುವುದಿಲ್ಲ. ವಕಾಲತ್ತಿಗೆ ಅಂಟಿಸುವ ಕಲ್ಯಾಣ ನಿಧಿಯ ಸ್ಟಾಂಪು ಸದಸ್ಯತ್ವಕ್ಕೆ ಬದಲಿಯಲ್ಲ.

ಕಂಪನಿಯ ಲೀಗಲ್ ವಿಭಾಗದಲ್ಲಿ ಸಂಬಳಕ್ಕಿದ್ದವರ ಕಥೆ ಬೇರೆ. ಪೂರ್ಣಾವಧಿ ನೌಕರ ವಕಾಲತ್ತು ಮಾಡುವಂತಿಲ್ಲ (ನಿಯಮ 49), ಸೇರುವಾಗಲೇ ಸನ್ನದನ್ನು ಅಮಾನತಿನಲ್ಲಿಡಬೇಕಿತ್ತು. ಇಟ್ಟಿದ್ದರೆ ಅದೇ ಪರಿಷತ್ತಿನ ಕಾರ್ಯದರ್ಶಿಗೆ ಪುನರಾರಂಭದ ಅರ್ಜಿ ಕೊಡಿ, ಕಾಯ್ದೆಯ 24ಎ ಹೇಳುವ ಅನರ್ಹತೆ ನಡುವೆ ಬಂದಿಲ್ಲ ಎಂಬ ಅಫಿಡವಿಟ್ ಜೊತೆಗಿರಲಿ. ಸನ್ನದಿನ ಮೇಲೆ ಷರಾ ಬರೆದು ವಾಪಸು ಕೊಡುತ್ತಾರೆ. ವರ್ಗಾವಣೆಯ ಅರ್ಜಿ ಆಮೇಲೆ. ಅಮಾನತಿನಲ್ಲಿ ಇಡದೆ ಕೆಲಸ ಮಾಡಿದ್ದವರು ಅದನ್ನು ಮುಚ್ಚಿಡದೆ ಬರೆದುಕೊಡುವುದೇ ಕ್ಷೇಮ. ಪಿಎಫ್ ದಾಖಲೆ ಎಲ್ಲೂ ಅಳಿಯುವುದಿಲ್ಲ.

ಎಲ್ಲಿ ಕೂರುವುದು

ಬಾಂಬೆ, ದೆಹಲಿ ಹೈಕೋರ್ಟುಗಳ ಮೂಲ ವಿಭಾಗದಲ್ಲಿ (ದಾವೆಯನ್ನು ಮೊದಲಿನಿಂದಲೇ ವಿಚಾರಿಸುವ ವಿಭಾಗ) ದಾವೆ ನಡೆಸಿದವರು ಒಂದು ಗಮನಿಸಬೇಕು: ಕರ್ನಾಟಕ ಹೈಕೋರ್ಟಿಗೆ ಅಂಥ ಮೂಲ ಸಿವಿಲ್ ವಿಭಾಗ ಇಲ್ಲ. ಇಲ್ಲಿ ರಿಟ್, ಮೇಲ್ಮನವಿ, ಕ್ರಿಮಿನಲ್ ಅರ್ಜಿ. ಸಾಕ್ಷಿ ವಿಚಾರಣೆಯೇ ನಿಮ್ಮ ಬಲವಾದರೆ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟು, ವಾಣಿಜ್ಯ ನ್ಯಾಯಾಲಯಗಳು ಅಥವಾ ಜಿಲ್ಲೆ ಸರಿಯಾದ ಜಾಗ. 1979ರ ಕಾಯ್ದೆಯ ಸಿಟಿ ಸಿವಿಲ್ ಕೋರ್ಟಿಗೆ ಹಣದ ಮಿತಿಯಿಲ್ಲ, ಅಲ್ಲಿಂದ ಮೊದಲ ಮೇಲ್ಮನವಿ ನೇರ ಹೈಕೋರ್ಟಿಗೆ.

ಹೈಕೋರ್ಟ್ ಎಂದರೆ ಬೆಂಗಳೂರು ಮಾತ್ರವೂ ಅಲ್ಲ. ಧಾರವಾಡ, ಕಲಬುರಗಿಯಲ್ಲಿ 2008ರಲ್ಲಿ ಸಂಚಾರಿ ಪೀಠಗಳು ಬಂದು 2013ರಲ್ಲಿ ಕಾಯಂ ಆದವು. ಬೆಳಗಾವಿ, ಬಾಗಲಕೋಟೆ, ಗದಗ, ಹಾವೇರಿ, ಉತ್ತರ ಕನ್ನಡ, ಬಳ್ಳಾರಿ, ಕೊಪ್ಪಳದ ಪ್ರಕರಣ ಧಾರವಾಡಕ್ಕೆ. ಬೀದರ, ಕಲಬುರಗಿ, ರಾಯಚೂರು, ಯಾದಗಿರಿ, ವಿಜಯಪುರದ್ದು ಕಲಬುರಗಿಗೆ. ಮನೆ ಹುಬ್ಬಳ್ಳಿಯಲ್ಲಿದ್ದು ಕಕ್ಷಿದಾರರೆಲ್ಲ ಆ ಕಡೆಯವರಾದರೆ ಬೆಂಗಳೂರಿನಲ್ಲಿ ಬಾಡಿಗೆ ಕಟ್ಟುವ ಹಟ ಏಕೆ?

ಕನಿಷ್ಠ ಒಂದು ವರ್ಷದ ಮನೆ ಖರ್ಚು ಕೈಯಲ್ಲಿಟ್ಟುಕೊಂಡು ಬನ್ನಿ. ಮೊದಲ ಆರು ತಿಂಗಳು ಸ್ವಂತ ಆಫೀಸು ಬೇಡ, ಹಿರಿಯರೊಬ್ಬರ ಆಫೀಸಿನಲ್ಲಿ ಒಂದು ಮೇಜು ಸಾಕು. ವಯಸ್ಸು ಮೂವತ್ತೈದಾಯಿತು, ಮತ್ತೆ ಜೂನಿಯರ್ ಆಗುವುದೇ ಎಂದು ಹಿಂಜರಿಯುವವರಿದ್ದಾರೆ. ಜೂನಿಯರ್ ಆಗಬೇಕಿಲ್ಲ, ನಿಮ್ಮ ಕೇಸು ನಿಮ್ಮದೇ. ಆದರೆ ಶಿರಸ್ತೇದಾರರು ಯಾವ ಕಾಗದಕ್ಕೆ ತಕರಾರು ಹಾಕುತ್ತಾರೆ, ಪ್ರೋಸೆಸ್ ಮೆಮೊ (ಸಮನ್ಸ್, ನೋಟಿಸು ಕಳಿಸಲು ಕೊಡುವ ಮೆಮೊ) ಎಷ್ಟು ಪ್ರತಿ ಕೊಡಬೇಕು ಎಂಬುದು ಕಾನೂನು ಪುಸ್ತಕದಲ್ಲಿಲ್ಲ. ಅದು ಆ ಆಫೀಸಿನ ಹಳೇ ಗುಮಾಸ್ತರ ತಲೆಯಲ್ಲಿದೆ.

ಇಲ್ಲಿನ ಲೆಕ್ಕ ಬೇರೆ

ಸಂಕ್ಷೇಪಗಳನ್ನು ಒಂದು ಸಂಜೆಯಲ್ಲಿ ಕಲಿಯಬಹುದು. ಒ.ಎಸ್. ಮೂಲ ದಾವೆ, ಎಫ್.ಡಿ.ಪಿ. ಅಂತಿಮ ಡಿಕ್ರಿ ಪ್ರಕ್ರಿಯೆ, ಪಿ.ಸಿ.ಆರ್. ಖಾಸಗಿ ದೂರು, ಎಂ.ವಿ.ಸಿ. ಅಪಘಾತ ಪರಿಹಾರ, ಹೈಕೋರ್ಟಿನಲ್ಲಿ ಆರ್.ಎಫ್.ಎ. ಮೊದಲ ಮೇಲ್ಮನವಿ, ಆರ್.ಎಸ್.ಎ. ಎರಡನೇ ಮೇಲ್ಮನವಿ, ಎಂ.ಎಫ್.ಎ. ಇತರೆ ಮೊದಲ ಮೇಲ್ಮನವಿ. ಕರ್ನಾಟಕ ಸಿವಿಲ್ ರೂಲ್ಸ್ ಆಫ್ ಪ್ರಾಕ್ಟೀಸ್ 1967, ರಿಟ್ ಪ್ರೊಸೀಡಿಂಗ್ಸ್ ರೂಲ್ಸ್ 1977 ಎರಡನ್ನೂ ಮೇಜಿನ ಮೇಲಿಡಿ. ಹೈಕೋರ್ಟಿಗೆ ಕೈಬರಹದ ಕನ್ನಡ ದಾಖಲೆ ಹಾಕುವಾಗ ಟೈಪು ಪ್ರತಿ, ಇಂಗ್ಲಿಷ್ ಅನುವಾದ ಜೊತೆಗಿರಲಿ, ಇಲ್ಲವಾದರೆ ಆಫೀಸ್ ಆಬ್ಜೆಕ್ಷನ್ ಬೀಳುತ್ತದೆ. ಅದನ್ನು ಸರಿಪಡಿಸದೆ ಬಿಟ್ಟ ಪ್ರಕರಣ ವಾದಕ್ಕೆ ಬರುವ ಮೊದಲೇ ವಜಾ ಆಗುತ್ತದೆ.

ಕೋರ್ಟ್ ಫೀ ನೋಡಿ. ಇಲ್ಲಿ 1958ರ ಕರ್ನಾಟಕ ಕೋರ್ಟ್ ಫೀ ಮತ್ತು ದಾವೆ ಮೌಲ್ಯಮಾಪನ ಕಾಯ್ದೆ. ಪಾಲಿನ ದಾವೆಯಲ್ಲಿ ವಾದಿ ಜಂಟಿ ಸ್ವಾಧೀನದಲ್ಲಿದ್ದರೆ 35(2)ರಂತೆ ನಿಗದಿತ ಫೀ, ಅದರ ಮೇಲಿನ ಹಂತವೇ 200 ರೂಪಾಯಿ. ಸ್ವಾಧೀನದಿಂದ ಹೊರಹಾಕಿದ್ದಾರೆ ಎಂದು ನೀವೇ ಬರೆದರೆ 35(1)ಕ್ಕೆ ಹೋಗಿ ಪಾಲಿನ ಮೌಲ್ಯದ ಮೇಲೆ ಕಟ್ಟಬೇಕು. ದಾವಾಪತ್ರದ ಆರನೇ ಪ್ಯಾರಾದಲ್ಲಿ ಜಂಟಿ ಸ್ವಾಧೀನ ಎಂದು ಬರೆದು, ಒಂಬತ್ತನೇ ಪ್ಯಾರಾದಲ್ಲಿ ಸಿಟ್ಟಿಗೆ ‘ಜಮೀನಿಗೆ ಕಾಲಿಡಲು ಬಿಡುತ್ತಿಲ್ಲ’ ಎಂದು ಸೇರಿಸಿದರೆ ಎದುರುಪಕ್ಷದವರು ಹಿಡಿಯುವುದು ಅದನ್ನೇ.

ಸ್ಟಾಂಪು ಇದಕ್ಕಿಂತ ದುಬಾರಿ ಬಲೆ. ಕರ್ನಾಟಕ ಸ್ಟಾಂಪ್ ಕಾಯ್ದೆ 1957ರಲ್ಲಿ ಸ್ವಾಧೀನ ಕೊಟ್ಟ ಕ್ರಯದ ಕರಾರಿಗೆ ಕ್ರಯಪತ್ರದಷ್ಟೇ ಸುಂಕ (5-ಇ ಬಾಬು). ಊರಲ್ಲಿ ನೂರು ರೂಪಾಯಿ ಛಾಪಾ ಕಾಗದದ ಮೇಲೆ ‘ಈ ದಿವಸವೇ ಸ್ವಾಧೀನ ಕೊಟ್ಟಿರುತ್ತೇನೆ’ ಎಂಬ ಒಂದು ಸಾಲು ಸೇರಿಸಿ ಕರಾರು ಮಾಡಿಕೊಂಡಿರುತ್ತಾರೆ. ಅದನ್ನು ಸಾಕ್ಷ್ಯಕ್ಕೆ ಗುರುತಿಸಲು ಕೊಟ್ಟ ಕೂಡಲೇ ಎದುರಿನವರು ಎದ್ದು ನಿಲ್ಲುತ್ತಾರೆ. 34ನೇ ಸೆಕ್ಷನ್ನಿನಡಿ ಕೋರ್ಟೇ ವಸೂಲು ಮಾಡಿದರೆ ಕೊರತೆ ಸುಂಕದ ಜೊತೆ ಹತ್ತು ಪಟ್ಟು ದಂಡ. ಕಡಿಮೆ ಮಾಡುವ ಅಧಿಕಾರ ಕೋರ್ಟಿಗಿಲ್ಲ ಎಂದು 2018ರ ಗಂಗಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಪತ್ರವನ್ನು ಕೋರ್ಟಿಗೆ ಕೊಡುವ ಮುನ್ನವೇ ಸುಂಕದ ಪ್ರಶ್ನೆ ಇತ್ಯರ್ಥ ಮಾಡಿಕೊಳ್ಳಿ. ಕೋರ್ಟು ಜಫ್ತಿ ಮಾಡಿದರೂ ಪತ್ರವನ್ನು ಮೊದಲು ಸಂಬಂಧಪಟ್ಟ ಸ್ಟಾಂಪು ಅಧಿಕಾರಿಗೆ ಕಳಿಸುವಂತೆ ಅರ್ಜಿ ಹಾಕಿ, ದಂಡದಲ್ಲಿ ವಿವೇಚನೆ ಇರುವುದು ಅವರಿಗೆ.

ಪಹಣಿ

ಮಹಾರಾಷ್ಟ್ರದಿಂದ ಬಂದವರಿಗೆ ಸಾತ್‌ಬಾರಾ ಉತಾರೆಯ (ಅಲ್ಲಿನ ಪಹಣಿ) ಹೆಕ್ಟೇರು, ಆರ್ (ಹೆಕ್ಟೇರಿನ ನೂರನೇ ಒಂದು ಭಾಗ) ಅಭ್ಯಾಸ. ಇಲ್ಲಿ ಎಕರೆ, ಗುಂಟೆ, ಆಣೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಒಂದು ಗುಂಟೆ 1,089 ಚದರಡಿ. ಪಹಣಿಯಲ್ಲಿ 2-20 ಎಂದಿದ್ದರೆ ಎರಡೂವರೆ ಎಕರೆ, 2.20 ಎಕರೆ ಅಲ್ಲ. 1-25ಕ್ಕೆ 1-25 ಕೂಡಿಸಿದರೆ 3-10. ಕ್ಯಾಲ್ಕುಲೇಟರಿನಲ್ಲಿ ಒತ್ತಿ 2.50 ಎಂದು ಷೆಡ್ಯೂಲಿನಲ್ಲಿ ಬರೆದರೆ 30 ಗುಂಟೆ ಮಾಯ. ಡಿಕ್ರಿ ಆದ ಮೇಲೆ ಸರ್ವೆಯವರು ಬಂದು ಅಳೆಯುವಾಗ ಗೊತ್ತಾಗುತ್ತದೆ. ಎಲ್ಲವನ್ನೂ ಮೊದಲು ಗುಂಟೆಗೆ ಇಳಿಸಿ, ಕೂಡಿಸಿ, 40ರಿಂದ ಭಾಗಿಸಿ.

ವಿಸ್ತೀರ್ಣದ ಕೆಳಗೆ ಖರಾಬು ಎಷ್ಟೆಂದು ನೋಡಿ. ‘ಎ’ ಖರಾಬು ಸಾಗುವಳಿಗೆ ಬಾರದ ನೆಲ. ‘ಬಿ’ ಖರಾಬು ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಉಪಯೋಗದ್ದು, ಅದನ್ನು ಯಾರೂ ಮಾರುವಂತಿಲ್ಲ. ಒಂದು ಪಹಣಿ ನೋಡಿ ಹಕ್ಕು ನಿರ್ಣಯಿಸಬೇಡಿ. ಗಣಕೀಕೃತ ಪಹಣಿಯ ಹಿಂದಿನ ಕೈಬರಹದ ಪಹಣಿ, ಎಂ.ಆರ್. ನಂಬರಿನ ಮ್ಯುಟೇಶನ್ (ಖಾತೆ ಬದಲಾವಣೆ), ಟಿಪ್ಪಣಿ (ಸರ್ವೆಯ ಅಳತೆ ನಕ್ಷೆ), ಆಕಾರಬಂದು (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ದಾಖಲೆ), ಋಣಭಾರ ಪತ್ರ ಎಲ್ಲ ತರಿಸಿ. ಆಕಾರಬಂದಿಗೂ ಪಹಣಿಗೂ ವಿಸ್ತೀರ್ಣ ತಾಳೆಯಾಗದಿದ್ದರೆ ಮೊದಲು ಅದಕ್ಕೆ ಕಾರಣ ಹುಡುಕಿ. ಮ್ಯುಟೇಶನ್ ತಪ್ಪಾಗಿದ್ದರೆ ಭೂಕಂದಾಯ ಕಾಯ್ದೆಯ 136(2)ರಡಿ ಉಪವಿಭಾಗಾಧಿಕಾರಿಗೆ (ಎ.ಸಿ.) ಮೇಲ್ಮನವಿ, ಅಲ್ಲಿಂದ 136(3)ರಡಿ ಜಿಲ್ಲಾಧಿಕಾರಿಗೆ ರಿವಿಷನ್ ಅರ್ಜಿ. ಎ.ಸಿ. ಕೋರ್ಟಿನಲ್ಲಿ ತಿಂಗಳಿಗೆ ಎರಡು ದಿನ ಸುಮ್ಮನೆ ಕೂತು ನೋಡಿದರೆ ಕಲಿಯುವುದು ಬಹಳ.

ದರಖಾಸ್ತಿನಲ್ಲಿ ಮಂಜೂರಾದ ಜಮೀನು ಎಂದ ಕೂಡಲೇ ಸಾಗುವಳಿ ಚೀಟಿ (ಮಂಜೂರಾತಿಯ ಪತ್ರ) ಕೇಳಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾಗಿದ್ದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಎದುರಾಗುತ್ತದೆ. ಅನುಮತಿ ಇಲ್ಲದ ಪರಭಾರೆ ಅಸಿಂಧು. ಅರ್ಜಿಗೆ ಕಾಲಮಿತಿ ಅಡ್ಡಬರಬಾರದೆಂದು 2023ರಲ್ಲಿ ತಿದ್ದುಪಡಿ ಆಗಿದೆ, ಆದರೂ ವಿಳಂಬದ ವಾದ ಪೂರ್ತಿ ಮುಗಿದಿಲ್ಲ. ಹೈಕೋರ್ಟಿನ ಹೊಸ ತೀರ್ಪು ನೋಡಿಯೇ ಅಭಿಪ್ರಾಯ ಕೊಡಿ.

ಪ್ರದೇಶಕ್ಕೊಂದು ಮಾತು, ಪ್ರದೇಶಕ್ಕೊಂದು ಹಕ್ಕು. ಕರಾವಳಿಯಲ್ಲಿ ಕುಮ್ಕಿ, ಮೂಲಗೇಣಿ, ಅಳಿಯಸಂತಾನ ಕಟ್ಟು. ಉತ್ತರ ಕನ್ನಡದಲ್ಲಿ ಸೊಪ್ಪಿನ ಬೆಟ್ಟ. ಕೊಡಗಿನಲ್ಲಿ ಜಮ್ಮಾ ಬಾಣೆ. ಬೆಳಗಾವಿ ಕಡೆ ಹಳೇ ಕಾಗದ ಮೋಡಿ ಲಿಪಿಯಲ್ಲಿರಬಹುದು, ಕಲಬುರಗಿ ಕಡೆ ಉರ್ದುವಿನಲ್ಲಿ. ಓದಬಲ್ಲವರು ಊರಿಗೊಬ್ಬರೋ ಇಬ್ಬರೋ ಉಳಿದಿದ್ದಾರೆ, ಅವರ ಪರಿಚಯ ಮಾಡಿಕೊಳ್ಳಿ.

ಸಾಕ್ಷಿ ಕಟಕಟೆಯ ಕನ್ನಡ

ಮನೆಯಲ್ಲಿ ಕನ್ನಡವೇ ಆಡಿದರೂ ಕೋರ್ಟಿನ ಕನ್ನಡ ಕೈಕೊಡುತ್ತದೆ. ಚಾಸಾ ಎಂದರೆ ದೋಷಾರೋಪ ಪಟ್ಟಿಯ ಸಾಕ್ಷಿ, ಪ್ರಾಸಾ ಎಂದರೆ ಪ್ರಾಸಿಕ್ಯೂಷನ್ ಸಾಕ್ಷಿ, ನಿಪಿ 3 ಎಂದರೆ ನಿಶಾನೆ ಪಿ-3 (ಸಾಕ್ಷ್ಯವಾಗಿ ಗುರುತಿಸಿದ ದಾಖಲೆ). ಇವು ಬೇಗ ಬರುತ್ತವೆ. ಕಷ್ಟ ಇರುವುದು ಪಾಟೀಸವಾಲಿನಲ್ಲಿ.

ನಮ್ಮಲ್ಲಿ ಸೂಚನೆಯ ಪ್ರಶ್ನೆಗೆ ಬಂದ ಉತ್ತರವನ್ನು ‘ಎಂದರೆ ಸರಿ’, ‘ಎಂದರೆ ಸರಿಯಲ್ಲ’ ಎಂದು ದಾಖಲಿಸುತ್ತಾರೆ. ‘ನೀವು ಆ ಪತ್ರಕ್ಕೆ ಸಹಿ ಮಾಡಿಲ್ಲ ಅಲ್ಲವೇ?’ ಎಂದು ಕೇಳುತ್ತೀರಿ. ಸಾಕ್ಷಿ ತಲೆಯಾಡಿಸಿ ‘ಇಲ್ಲ ಸ್ವಾಮಿ’ ಎನ್ನುತ್ತಾನೆ. ಅವನ ಅರ್ಥ, ಸಹಿ ಮಾಡಿಲ್ಲ. ದಾಖಲಾಗುವುದು ‘ನಾನು ಸಹಿ ಮಾಡಿಲ್ಲ ಎಂದರೆ ಸರಿಯಲ್ಲ’ ಎಂದಾದರೆ? ಸಹಿ ಮಾಡಿದ್ದೇನೆ ಎಂದಾಯಿತು! ಪರಿಹಾರ ಸರಳ: ಪ್ರಶ್ನೆಯಲ್ಲಿ ‘ಇಲ್ಲ’ ಇಡಬೇಡಿ, ಒಂದು ಪ್ರಶ್ನೆಗೆ ಒಂದೇ ಸಂಗತಿ. ‘ಗೊತ್ತಿಲ್ಲ’, ‘ನೆನಪಿಲ್ಲ’, ‘ಇರಬಹುದು’ ಮೂರೂ ಬೇರೆ. ಯಾವುದನ್ನು ಟೈಪ್ ಮಾಡಿದ್ದಾರೆ ಎಂದು ಪರದೆ ನೋಡುತ್ತಲೇ ಇರಿ, ತಪ್ಪಿದ್ದರೆ ಸಾಕ್ಷಿ ಕಟಕಟೆ ಇಳಿಯುವ ಮೊದಲೇ ಹೇಳಿ. ಅಭ್ಯಾಸಕ್ಕೆ ಹಿರಿಯರ ಮುಗಿದ ಕಡತಗಳಿಂದ ಹತ್ತು ಸಾಕ್ಷಿ ಹೇಳಿಕೆ ಪಡೆದು, ಪ್ರತಿ ಸಾಲಿಗೂ ಮೂಲ ಪ್ರಶ್ನೆ ಏನಿದ್ದಿರಬೇಕೆಂದು ಬರೆದು ನೋಡಿ.

ಮೊದಲ ಕೇಸುಗಳು

ಊರಿನ ವಕೀಲರ ಸಂಘದ ಸದಸ್ಯತ್ವ ಮೊದಲ ವಾರವೇ ಆಗಲಿ. ಮೂರು ವರ್ಷ ಅನುಭವವಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಪ್ಯಾನೆಲ್ಲಿಗೆ ಅರ್ಜಿ ಹಾಕಬಹುದು. ಗೌರವಧನ ದೊಡ್ಡದಲ್ಲ, ಆದರೆ ಬೇಗ ಸಾಕ್ಷಿ ವಿಚಾರಣೆಗೆ ನಿಲ್ಲಲು ಅದಕ್ಕಿಂತ ಹತ್ತಿರದ ದಾರಿ ಇಲ್ಲ. ಹಳೆಯ ಊರಿನ ಕಕ್ಷಿದಾರರಿಗೆ ಇಲ್ಲಿ ಕೆಲಸ ಬಿದ್ದರೆ ಅಲ್ಲಿನ ವಕೀಲ ಮಿತ್ರರು ನಿಮ್ಮನ್ನೇ ನೆನೆಯುವಂತೆ ಸಂಪರ್ಕ ಉಳಿಸಿಕೊಳ್ಳಿ. ನೀವಾಗಿ ಕಕ್ಷಿದಾರರಿಗೆ ‘ಈಗ ಇಲ್ಲಿದ್ದೇನೆ, ಕೇಸು ಕೊಡಿ’ ಎಂದು ವಾಟ್ಸಾಪ್ ಕಳಿಸಿದರೆ ಅದು ನಿಯಮ 36ರ ಉಲ್ಲಂಘನೆ. ಅದೇ ನಿಯಮಕ್ಕೆ 2008ರಲ್ಲಿ ಆದ ತಿದ್ದುಪಡಿಯಂತೆ ಜಾಲತಾಣದಲ್ಲಿ ಹೆಸರು, ವಿಳಾಸ, ಫೋನು, ಇಮೇಲ್, ಸನ್ನದು ನಂಬರ್ ಮತ್ತು ದಿನಾಂಕ, ಪರಿಷತ್ತಿನ ಹೆಸರು, ವಿದ್ಯಾರ್ಹತೆ, ವೃತ್ತಿ ಕ್ಷೇತ್ರ ಹಾಕಬಹುದು. ಬೋರ್ಡು ಮಿತವಾದ ಅಳತೆಯದಿರಲಿ. ‘ಬಾಂಬೆ ಹೈಕೋರ್ಟ್ ವಕೀಲರು’ ಎಂದು ಬರೆಸಲು ಪೇಂಟರ್ ಆಸೆ ಹುಟ್ಟಿಸುತ್ತಾನೆ. ಹೆಸರು, ಬಿ.ಎ., ಎಲ್ಎಲ್.ಬಿ., ವಕೀಲರು ಎಂದಷ್ಟೇ ಬರೆಸಿ.